ಪೇರೆಂಟ್ಸ್ ಮಾತ್ರ

ಅನೀಶ ಮಗಳನ್ನು ಆ ಸಂಗೀತದ ಕ್ಲಾಸಿಗೆ ಸೇರಿಸಿದ್ದು ಸೂರಜ್ ಹೇಳಿದನೆಂದು. ಸೂರಜ್ ಐರೋಲಿಯ ಆಫೀಸಿನಲ್ಲಿ ಅವನ ಮ್ಯಾನೇಜರ್. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಸೂರಜ್ ಇದ್ದ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್‌ಹೌಸಿನಲ್ಲೇ ಕ್ಲಾಸು, ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಮೂರು ವರ್ಷದೊಳಗಿನ ಮಕ್ಕಳು, ಜೊತೆಗೆ ಮನೆಯವರು. ಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ದೊಡ್ಡವರೂ ನೆಲದ ಮೇಲೆ ಸುತ್ತ ಕೂತು ಹಾಡಬೇಕು, ಗಿಲಕಿ ಆಡಿಸಬೇಕು, ಕಪ್ಪೆಯ ಹಾಗೆ ಕುಪ್ಪಳಿಸಬೇಕು.

ಹೆಂಡತಿ ಶ್ರೀಲಕ್ಷ್ಮಿಗೆ ಕಲ್ಯಾಣದ ಆಸ್ಪತ್ರೆಯ ಲ್ಯಾಬಿನಲ್ಲಿ ಶನಿವಾರವೂ ಡ್ಯೂಟಿ. ಹಾಗಾಗಿ ಡೊಂಬಿವಿಲಿಯಿಂದ ಲೋಕಲ್ ಹಿಡಿದು ಹೊರಡುತ್ತಿದ್ದವರು ಅನೀಶ, ಎರಡೂವರೆ ವರ್ಷದ ನಿಶಾ ಮತ್ತು ಅವನ ತಾಯಿ ವೇದಾವತಿ. ಅಜ್ಜಿ ಇಲ್ಲದೆ ನಿಶಾ ರೈಲು ಹತ್ತುತ್ತಿರಲಿಲ್ಲ.

ವೇದಾವತಿಯ ಗಂಟಲು ದೊಡ್ಡದು. ಅವಳೂ ಗಂಡ ಯಜ್ಞೇಶ್ವರನೂ ರಬಾಳೆಯ ಒಂದು ಫ್ಯಾಕ್ಟರಿಯ ಗೇಟಿನ ಪಕ್ಕ, ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕ್ಯಾಂಟೀನ್ ನಡೆಸಿದವರು. ಗೋಡೆಯಾಚೆ ಇಡೀ ದಿನ ಪ್ರೆಸ್ ಮೆಷಿನ್ನುಗಳು ಬಡಿಯುತ್ತಿದ್ದವು. ಅದರ ಮೇಲೆ ಕೇಳಿಸುವಂತೆ ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಯಜ್ಞೇಶ್ವರ ತೀರಿಕೊಂಡು ಐದು ವರ್ಷವಾಗಿತ್ತು. ಆಫೀಸಿನಲ್ಲಿ ಯಾರಾದರೂ ಕೇಳಿದರೆ ಅನೀಶ, “ನಾವು ಉಡುಪಿಯವರು, ಅಪ್ಪನದು ಹೋಟೆಲ್ ಬಿಸಿನೆಸ್,” ಎನ್ನುತ್ತಿದ್ದ. ಕೇಳಿದವರು ಗಾಜಿನ ಬಾಗಿಲು, ಎ.ಸಿ. ಹಾಲ್ ಎಂದೆಲ್ಲ ತಾವೇ ಕಲ್ಪಿಸಿಕೊಳ್ಳುತ್ತಿದ್ದರು. ಅವನು ತಿದ್ದುತ್ತಿರಲಿಲ್ಲ.

ಮೂರನೆಯ ಶನಿವಾರ ಟೀಚರ್ ರಮಿತಾ, “ನಿಮ್ಮ ನಿಮ್ಮ ಮನೆಯ ಒಂದು ಸದ್ದು ತನ್ನಿ, ಅದರಿಂದ ಹಾಡು ಮಾಡೋಣ,” ಎಂದಳು. ಸೂರಜ್‌ನ ಹೆಂಡತಿ ಶ್ರದ್ಧಾ ಪೂಜೆಯ ಗಂಟೆಯ ಸದ್ದು ಮಾಡಿದಳು. ಇನ್ಯಾರೋ ಪ್ರೆಶರ್ ಕುಕ್ಕರಿನ ಸೀಟಿ ಹೊಡೆದರು. ಅನೀಶ ಇನ್ನೂ ಯೋಚಿಸುತ್ತಿರುವಾಗಲೇ ವೇದಾವತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಂಡಿಯ ಮೇಲೆ ಕೂತಳು.

“ಹಮಾರಾ ರಬಾಳೇ ಮೇ ಕ್ಯಾಂಟೀನ್ ಥಾ,” ಎಂದು ಅವಳದೇ ಹಿಂದಿಯಲ್ಲಿ ಶುರು ಮಾಡಿದಳು. “ಫ್ಯಾಕ್ಟರಿ ಕಾ ಗೇಟ್ ಕೆ ಬಾಜೂ. ಯೇ ಅನೀಶ್ ಛೋಟಾ ಥಾ, ರೋತಾ ಥಾ, ತೋ ಮೈ ಯೇ ಗಾತೀ ಥೀ.” ಆಮೇಲೆ, ಅಳುವ ಪುಟ್ಟ ಅನೀಶನಿಗೆ ಕ್ಯಾಂಟೀನಿನಲ್ಲಿ ಹಾಡುತ್ತಿದ್ದ ಆ ಹಾಡನ್ನು ನೆಲಕ್ಕೆ ಅಂಗೈ ಬಡಿಯುತ್ತ ಹಾಡಿದಳು:

“ಇಡ್ಲಿ ಅಟ್ಟ ಬುಸ್ ಬುಸ್ ಬುಸ್,
ರುಬ್ಬುವ ಕಲ್ಲು ಗರ್ ಗರ್ ಗರ್,
ಸೈರನ್ ಆಯ್ತು ಪೊಂಯ್ ಪೊಂಯ್ ಪೊಂಯ್,
ತಟ್ಟೆ ತಕೊಂಡು ಓಡಿ ಬನ್ನಿ!”

ಮಕ್ಕಳಿಗೆ ಹುಚ್ಚೇ ಹಿಡಿಯಿತು. ‘ಪೊಂಯ್’ ಬಂದಾಗಲೆಲ್ಲ ಸೂರಜ್‌ನ ಮಗ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ರಮಿತಾ ಅದನ್ನು ನಾಲ್ಕು ಸಲ ಹಾಡಿಸಿದಳು. ನಿಶಾ ಅಜ್ಜಿಯ ಹೆಗಲಿಗೆ ಒರಗಿ ನಿಂತು, ಇದು ನನ್ನ ಅಜ್ಜಿ ಎಂಬಂತೆ ಎಲ್ಲರನ್ನೂ ನೋಡಿದಳು. ಅನೀಶ ಮಾತ್ರ ಸೂರಜ್‌ನ ಮುಖ ನೋಡುತ್ತಿದ್ದ. ಸೂರಜ್ ನಗುತ್ತಿದ್ದ.

ಸೋಮವಾರ ಆಫೀಸಿನ ಚಹಾ ಮೆಷಿನ್ನಿನ ಹತ್ತಿರ ಸೂರಜ್ ಅವನ ಬೆನ್ನು ತಟ್ಟಿ, “ಯಾರ್, ತೇರೀ ಮಮ್ಮೀ ತೋ ಫುಲ್ ಡಿಜೆ ಹೈ,” ಎಂದ. ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅನೀಶನೂ ನಕ್ಕು, “ಏನ್ ಮಾಡೋದು, ವಾಲ್ಯೂಮ್ ಬಟನ್ನೇ ಇಲ್ಲ,” ಎಂದುಬಿಟ್ಟ.

ಆ ಶುಕ್ರವಾರ ಊಟದ ಹೊತ್ತಿಗೆ ಅವನು ತಾಯಿಗೆ, “ಅಮ್ಮ, ಕ್ಲಾಸಲ್ಲಿ ಹೊಸ ರೂಲ್ ಬಂದಿದೆ. ಇನ್ನು ಪೇರೆಂಟ್ಸ್ ಮಾತ್ರವಂತೆ. ಟೀಚರ್ ಮೆಸೇಜ್ ಮಾಡಿದ್ದಾರೆ,” ಎಂದ. ಹೇಳುವಾಗ ಫೋನು ನೋಡುತ್ತಿದ್ದ.

“ಹೌದಾ?” ಎಂದಳು ವೇದಾವತಿ. “ಹಾಲ್ ಸಣ್ಣದಲ್ವಾ, ಮತ್ತೆಂತ ಮಾಡ್ಲಿಕ್ಕಾಗ್ತದೆ.” ಮೊಮ್ಮಗಳ ತಟ್ಟೆಗೆ ಅನ್ನ ಬಡಿಸಿ, “ಆದ್ರೆ ರೈಲಲ್ಲಿ ಇವಳು ನಿನ್ನ ಕೈಲಿ ನಿಲ್ಲುದಿಲ್ಲ. ನಾನು ಬಂದು ಕೆಳಗೆ ಕೂತಿರ್ತೇನೆ,” ಎಂದಳು.

ಹಾಗೆಯೇ ಆಯಿತು. ನಾಲ್ಕು ಶನಿವಾರ ಅವಳು ಕ್ಲಬ್‌ಹೌಸಿನ ಕೆಳಗೆ, ಈಜುಕೊಳದ ಬೇಲಿಯ ಪಕ್ಕದ ಬೆಂಚಿನಲ್ಲಿ, ಮಗುವಿನ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತಳು. ಮೇಲಿನ ಕಿಟಕಿಯಿಂದ ಹಾಡು ಕೆಳಗೆ ಕೇಳಿಸುತ್ತಿತ್ತು. ಒಮ್ಮೆ ಮಕ್ಕಳೇ ಹಠ ಹಿಡಿದು ‘ಬುಸ್ ಬುಸ್’ ಹಾಡಿಸಿಕೊಂಡರು. ಅನೀಶ ಕಿಟಕಿಯಿಂದ ದೂರ ಹೋಗಿ ಕೂತ. “ಅಜ್ಜಿ? ಅಜ್ಜಿ?” ಎಂದು ನಿಶಾ ಬಾಗಿಲು ತೋರಿಸಿದಾಗ ಅವಳ ಕೈಗೆ ಗಿಲಕಿ ಕೊಟ್ಟ.

ಅವಳು ಹಾಗೆ ಕೂತ ಐದನೆಯ ಶನಿವಾರ ಕ್ಲಾಸು ಮುಗಿದು ಇಳಿಯುವಾಗ ರಮಿತಾಳೂ ಅದೇ ಲಿಫ್ಟಿನಲ್ಲಿ ಬಂದಳು. ಬೆಂಚಿನಲ್ಲಿ ಕೂತಿದ್ದ ವೇದಾವತಿಯನ್ನು ಕಂಡದ್ದೇ ನೇರ ಹೋದಳು.

“ಆಜೀ! ನೀವು ಇಲ್ಲೇ ಇದ್ದೀರಾ? ಮತ್ತೆ ಮೇಲೆ ಯಾಕೆ ಬರ್ತಿಲ್ಲ? ಮಕ್ಕಳು ವಾರ ವಾರ ನಿಮ್ಮನ್ನೇ ಕೇಳ್ತಾರೆ,” ಎಂದಳು ಹಿಂದಿಯಲ್ಲಿ.

ವೇದಾವತಿ ಮಗನ ಕಡೆ ತಿರುಗಿ ಕೂಡ ನೋಡಲಿಲ್ಲ.

“ಮೊಣಕಾಲು ನೋವು ಬೇಟಾ,” ಎಂದಳು. “ಕೆಳಗೆ ಕೂತರೆ ಏಳ್ಲಿಕ್ಕಾಗುದಿಲ್ಲ.”

“ಕುರ್ಚಿ ಹಾಕಿಸ್ತೇನೆ ಆಜಿ.”

“ಬೇಡ, ಲಿಫ್ಟಲ್ಲಿ ತಲೆ ತಿರುಗ್ತದೆ ನಂಗೆ. ಇಲ್ಲಿಯೇ ಗಾಳಿ ಚಂದ.”

ದಿನಾ ನಾಲ್ಕನೆಯ ಮಹಡಿಯ ಮನೆಗೆ ಒಂದು ಕೊಡ ನೀರಿನಷ್ಟು ಭಾರದ ಮೊಮ್ಮಗಳನ್ನು ಎತ್ತಿಕೊಂಡು ಹತ್ತುವ ಹೆಂಗಸು ಅವಳು. ತನಗಾಗಿ ತಾಯಿ ಒಂದರ ಮೇಲೊಂದು ಸುಳ್ಳು ಹೇಳುವುದನ್ನು ಅನೀಶ ಕೇಳುತ್ತ ನಿಂತ.

ರೈಲಿನಲ್ಲಿ ಅವಳು ಎಂದಿನಂತೆಯೇ ಇದ್ದಳು. ಮುಂಬ್ರಾದ ಸುರಂಗ ಬಂದಾಗ ನಿಶಾಳ ಕಿವಿ ಮುಚ್ಚಿದಳು, ಖಾಡಿಯ ಹಿನ್ನೀರು ತೋರಿಸಿದಳು. ಡೊಂಬಿವಿಲಿಯಲ್ಲಿ ಇಳಿದು ಗುಂಪು ಕರಗುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತರು. ಅಲ್ಲಿ ಅನೀಶ ಹೇಳಿದ:

“ಅಮ್ಮ, ಅಂಥ ರೂಲ್ ಏನೂ ಇರಲಿಲ್ಲ.”

“ಗೊತ್ತುಂಟು.”

“ಯಾವಾಗಿಂದ?”

“ಎರಡನೇ ವಾರವೇ. ಸೂರಜನ ಅಮ್ಮ ಮಗುವನ್ನು ಕರ್ಕೊಂಡು ಕ್ಲಾಸಿಂದ ಇಳಿದು ಬಂದ್ರಲ್ಲ. ನಮಸ್ತೆ ಹೇಳಿ ಹೋದ್ರು.”

“ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?”

“ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು.” ನಿಶಾಳನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿ, ಅವಳು ಮೊದಲ ಸಲ ಅವನ ಮುಖ ನೋಡಿದಳು. “ನನ್ನ ಹಿಂದಿ ಸರಿ ಇಲ್ಲಾಂತಲಾ, ಕ್ಯಾಂಟೀನಿನ ಸುದ್ದಿ ತೆಗೆದೆ ಅಂತಲಾ?”

ಹಿಂದಿ ಎಂದರೆ ಸುಲಭವಿತ್ತು. “ಕ್ಯಾಂಟೀನ್,” ಎಂದ ಅನೀಶ.

ವೇದಾವತಿ ತಲೆಯಾಡಿಸಿದಳು. “ನಿನ್ನ ಅಪ್ಪ ಇದನ್ನು ಕೇಳ್ಲಿಕ್ಕೆ ಇಲ್ಲ. ಅದೊಂದು ಒಳ್ಳೆದಾಯ್ತು,” ಎಂದು ಮೇಲ್ಸೇತುವೆಯ ಮೆಟ್ಟಿಲ ಕಡೆ ನಡೆದಳು.

ಅವನು ಶ್ರೀಲಕ್ಷ್ಮಿಗೆ ಎಲ್ಲವನ್ನೂ ಹೇಳಿದ. ಅವಳು ಜಗಳವಾಡಲಿಲ್ಲ. “ಒಂದು ತಿಂಗಳು ಅವರು ಕೆಳಗೆ ಕೂತಿದ್ರಾ?” ಎಂದಷ್ಟೇ ಕೇಳಿ ಅಡುಗೆಮನೆಗೆ ಹೋದಳು. ಅಲ್ಲಿ ಅತ್ತೆ ಸೊಸೆ ಇಬ್ಬರೂ ತುಳುವಿನಲ್ಲಿ ಕುಕ್ಕರಿನ ವಾಷರಿನ ಬಗ್ಗೆ ಮಾತಾಡುವುದು ಕೇಳಿಸಿತು. ತನ್ನ ಬಗ್ಗೆ ಮಾತಾಡಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮವಾರ ಅವನು ಸೂರಜ್‌ನ ಕ್ಯಾಬಿನ್ನಿಗೆ ಹೋಗಿ ನಿಂತ. ಅಪ್ಪನದು ಹೋಟೆಲಲ್ಲ, ರಬಾಳೆಯಲ್ಲಿ ಬಾಡಿಗೆ ಶೆಡ್ಡಿನ ಕ್ಯಾಂಟೀನ್, ಅಮ್ಮ ಅಲ್ಲಿ ಇಡ್ಲಿ ಬೇಯಿಸುತ್ತಿದ್ದಳು, ತಾನು ಆ ಕ್ಯಾಂಟೀನಿನಿಂದಲೇ ಓದಿದ್ದು ಎಂದು ಒಂದೇ ಉಸಿರಿಗೆ ಹೇಳಿದ. ಸೂರಜ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ಗೊಂದಲದಿಂದ, “ಗೊತ್ತಲ್ಲ, ಆಂಟಿ ಅವತ್ತೇ ಹೇಳಿದ್ರು. ಅದಕ್ಕೇನಾಯ್ತು?” ಎಂದ. “ನನ್ನ ಮಗ ಮನೇಲಿ ಇಡೀ ದಿನ ಪೊಂಯ್ ಪೊಂಯ್ ಅಂತಾನೆ. ಅವರು ಯಾಕೆ ಬರ್ತಿಲ್ಲ?”

ಅನೀಶ ತನ್ನ ಸೀಟಿಗೆ ಮರಳಿದ. ತಾಯಿಯನ್ನು ಒಂದು ತಿಂಗಳು ಬೆಂಚಿನಲ್ಲಿ ಕೂರಿಸಿದ್ದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಮಾತಿಗಾಗಿ. ಸೂರಜ್ ಹೀಯಾಳಿಸಿದ್ದರೆ ಕೋಪಿಸಿಕೊಳ್ಳಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ.

ರಮಿತಾಳಿಗೂ ಫೋನಿನಲ್ಲಿ ನಿಜ ಹೇಳಿದ. ಅವಳು ಸಮಾಧಾನ ಮಾಡಲಿಲ್ಲ. “ಆ ರೂಲ್ ನಾನು ಮಾಡಿದ್ದು ಅಂತ ಹೇಳಿದ್ರಾ? ನನ್ನ ಹೆಸರಲ್ಲಿ?” ಎಂದು ಕೇಳಿ, “ನಾನು ಆಜಿ ಹತ್ರ ಮಾತಾಡ್ಬೇಕು,” ಎಂದಳು. ಅಂದೇ ಸಂಜೆ ಮಾತಾಡಿದಳು. ಏನು ಮಾತಾಡಿದರೆಂದು ವೇದಾವತಿ ಮಗನಿಗೆ ಹೇಳಲಿಲ್ಲ.

ಟರ್ಮಿನ ಕೊನೆಯ ಶನಿವಾರ ವೇದಾವತಿ ಮೇಲೆ ಬಂದಳು. ಅವತ್ತು ರಜೆ ಹಾಕಿ ಶ್ರೀಲಕ್ಷ್ಮಿಯೂ ಬಂದಿದ್ದಳು. ವೇದಾವತಿ ಬಾಗಿಲ ಪಕ್ಕದಲ್ಲೇ, ಗೋಡೆಗೆ ಒತ್ತಿ ಕೂತಳು. ಮಕ್ಕಳು ಓಡಿ ಬಂದು ಅವಳ ಸೀರೆ ಎಳೆದವು. ರಮಿತಾ ಇಡ್ಲಿಯ ಹಾಡು ಕೇಳಿದಳು.

ವೇದಾವತಿ ಹಾಡಿದಳು. ಆದರೆ ಎಷ್ಟು ಮೆಲ್ಲಗೆಂದರೆ ಎದುರು ಸಾಲಿನವರು ಮುಂದೆ ಬಾಗಬೇಕಾಯಿತು. ಪ್ರತಿ ಸಾಲು ಮುಗಿದಾಗಲೂ ಒಮ್ಮೆ ಅನೀಶನ ಮುಖ ನೋಡುತ್ತಿದ್ದಳು, ಇಷ್ಟು ಸಾಕಾ, ಹೆಚ್ಚಾಯಿತಾ ಎಂಬ ಹಾಗೆ. ಬೇಕೆಂದು ಮಾಡಿದ್ದಲ್ಲ, ಹಾಗೆ ನೋಡುತ್ತಿದ್ದೇನೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಅನೀಶನಿಗೆ ಆ ನೋಟ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕೂತು, ಶ್ರುತಿ ತಾಳ ಎರಡೂ ಇಲ್ಲದ ದನಿಯಲ್ಲಿ ಜೋರಾಗಿ ಜೊತೆಗೆ ಹಾಡತೊಡಗಿದ. ‘ಪೊಂಯ್’ ಎಂದಾಗ ದನಿ ಒಡೆದು ಎಲ್ಲರೂ ನಕ್ಕರು. ವೇದಾವತಿಯೂ ನಕ್ಕಳು, ದನಿ ಮಾತ್ರ ಏರಿಸಲಿಲ್ಲ.

ಕೆಳಗಿಳಿದು ರಿಕ್ಷಾಕ್ಕೆ ಕಾಯುವಾಗ ನಿಶಾ ತಾಯಿಯ ಹೆಗಲ ಮೇಲೆ ನಿದ್ದೆಹೋಗಿದ್ದಳು. ಅನೀಶ ಮುಂದಿನ ಟರ್ಮಿನ ಫಾರ್ಮ್ ತೆಗೆದು, ಮಗುವಿನ ಜೊತೆ ಬರುವವರು ಎಂಬಲ್ಲಿ ವೇದಾವತಿಯ ಹೆಸರನ್ನು ಮೊದಲು ಬರೆದಿದ್ದನ್ನು ತೋರಿಸಿದ.

ವೇದಾವತಿ ಕಾಗದವನ್ನು ದೂರ ಹಿಡಿದು ಓದಿದಳು.

“ಎಷ್ಟು ವಾರ ಇದು?”

“ಹನ್ನೆರಡು.”

“ನೋಡುವ,” ಎಂದು ಫಾರ್ಮನ್ನು ಅವನಿಗೆ ವಾಪಸು ಕೊಟ್ಟಳು.