ಗುಟ್ಟಿನ ಗಿರಾಕಿಯೂ ಕಂಡಕ್ಟರ್ ಮಾವನ ಸನ್ನೆಯೂ

ಕಂಡಕ್ಟರ್ ಮಾವನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಚಹಾ ಆರಿದ್ದರೆ ಸಾಕು, ಪೇಪರು ತಡವಾದರೆ ಸಾಕು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. "ಮುಂದೆ ಹೋಗಿ, ಒಳಗೆ ಹೋಗಿ" ಎಂದು ಕೂಗಿ ಕೂಗಿ ಗಂಟಲು ಆ ಮಟ್ಟದಿಂದ ಕೆಳಗಿಳಿಯುವುದನ್ನೇ ಮರೆತಿತ್ತು. ಆದರೆ ಆ ದಿನ ಬೆಳಿಗ್ಗೆ ಸೊಸೆಯ ಫೋನಿನಲ್ಲಿ ಓದಿದ ಸಂದೇಶಕ್ಕೆ ಅವರ ಸಿಟ್ಟು ಸೀದಾ ನೆತ್ತಿಗೇರಿತು.

"ಅಂಗಡಿಗೆ ಹೋಗಿ, ಸಾಮಾನು ಕೊಳ್ಳಿ, ಹಣ ಗಳಿಸಿ. ಮಿಸ್ಟರಿ ಶಾಪರ್‌ಗಳು ಬೇಕಾಗಿದ್ದಾರೆ. ಇಂದೇ ನೋಂದಣಿ ಶುಲ್ಕ ಕಟ್ಟಿ. ಹತ್ತು ಜಾಗ ಮಾತ್ರ ಉಳಿದಿವೆ."

"ಏನಮ್ಮ ಇದು? ಯಾವ ಶಾಪರ್ರು?"

ಸೊಸೆ ಒಗೆದ ಬಟ್ಟೆ ಮಡಚುತ್ತಿದ್ದಳು. ಅವಳು ಟೈಪಿಂಗ್ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸು ಮುಚ್ಚಿ ವರ್ಷವಾಗಿತ್ತು. ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆ ಕೈಯಲ್ಲಿ ಉಳಿಯುತ್ತಿತ್ತು. ಆ ನಾಲ್ಕು ಗಂಟೆಯಲ್ಲಿ ಒಂದು ಕೆಲಸ, ಅಷ್ಟೇ ಅವಳ ಆಸೆ.

"ಗುಟ್ಟಿನ ಗಿರಾಕಿ ಅಂತ ಇಟ್ಕೊಳ್ಳಿ ಮಾವ. ಕಂಪನಿಯೋರು ತಮ್ಮ ಅಂಗಡಿಗೇ ನಮ್ಮನ್ನ ಮಾಮೂಲಿ ಗಿರಾಕಿ ಥರ ಕಳಿಸ್ತಾರೆ. ಹೇಗೆ ಮಾತಾಡಿಸ್ತಾರೆ, ಎಷ್ಟೊತ್ತು ಕಾಯಿಸ್ತಾರೆ, ಬಿಲ್ ಸರಿಯಾಗಿ ಕೊಡ್ತಾರಾ, ಎಲ್ಲ ನೋಡ್ಕೊಂಡು ಬಂದು ವರದಿ ಬರೀಬೇಕು."

"ಅಂದ್ರೆ ಚಾಡಿ ಹೇಳೋ ಕೆಲಸ."

"ಮಾವ..."

"ಬೇಡಮ್ಮ. ನನಗೆ ಗೊತ್ತು ಈ ಜಾತಿ ವರದಿ."

ಗೊತ್ತಿರದೆ ಏನು? ಹದಿನೈದು ವರ್ಷದ ಹಿಂದೆ ಯಾರೋ ಒಬ್ಬ ಪ್ರಯಾಣಿಕನ ವೇಷದಲ್ಲಿ ಅವರ ಬಸ್ಸು ಹತ್ತಿ, ಇಳಿದು, ಮೇಲಿನವರಿಗೆ ವರದಿ ಬರೆದಿದ್ದ. ಅದರಲ್ಲಿ ಇದ್ದದ್ದು ಒಂದೇ ಪದ: ಒರಟು. ಯಾವ ಸ್ಟಾಪು, ಎಷ್ಟು ಗಂಟೆ, ಯಾರಿಗೆ ಏನೆಂದರು, ಒಂದೂ ಇಲ್ಲ. ಸಾಹೇಬರ ಎದುರು ನಿಂತು ಮಾವ "ಯಾವತ್ತು ಸಾರ್? ಎಲ್ಲಿ ಸಾರ್?" ಎಂದು ಕೇಳಿದ್ದಕ್ಕೆ ಉತ್ತರವೂ ಸಿಗಲಿಲ್ಲ. ಎರಡು ವರ್ಷ ನಸುಕಿನ ಪಾಳಿಗೆ ಹಾಕಿದರು. ಆ ಪದ ಇವತ್ತಿಗೂ ಅವರ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಅಷ್ಟರಲ್ಲಿ ಮೇಲಿನ ಮನೆಯ ಟೀಚರ್ ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬಂದರು. ನಿವೃತ್ತ ಗಣಿತದ ಟೀಚರ್. ನಾಲ್ಕು ವರ್ಷದಿಂದ ಅವರೂ ಇದೇ ಕೆಲಸ ಮಾಡುತ್ತಿದ್ದರು ಎಂಬುದು ಈ ಮನೆಯವರಿಗೆ ಗೊತ್ತಾದದ್ದು ಅವತ್ತೇ. ಅಷ್ಟು ದಿನ ತುಟಿ ಪಿಟಕ್ ಎಂದಿರಲಿಲ್ಲ.

ಫೋನು ನೋಡುತ್ತಲೇ ಟೀಚರ್ ಮುಖ ಕೆಂಪಾಯಿತು. "ಶುಲ್ಕ ಕಟ್ಟಿದೆಯಾ?"

"ಇನ್ನೂ ಇಲ್ಲ ಟೀಚರ್. ಮಧ್ಯಾಹ್ನದೊಳಗೆ ಅಂದಿದ್ದಾರೆ."

"ಒಂದು ಕಾಸೂ ಕೊಡಬೇಡ. ಕೆಲಸ ಕೊಡೋ ಕಂಪನಿ ನಿನ್ನ ಹತ್ರ ದುಡ್ಡು ಯಾಕೆ ಕೇಳುತ್ತೆ? ಟೋಪಿ ಹಾಕೋರು ಇವರು. ಹತ್ತೇ ಜಾಗ ಅಂತೆ, ಇವತ್ತೇ ಅಂತೆ. ಯೋಚನೆ ಮಾಡೋಕೆ ಬಿಡಬಾರದು, ಅದೇ ಅವರ ಉಪಾಯ. ಇನ್ನು ಕೆಲವರು ನಿನ್ನ ಖಾತೆಗೇ ದುಡ್ಡು ಬಂತು ಅಂತ ತೋರಿಸಿ, 'ಅದರಲ್ಲಿ ಇಷ್ಟನ್ನ ಇನ್ನೊಬ್ಬರಿಗೆ ಕಳಿಸಿ, ಅದೇ ನಿಮ್ಮ ಮೊದಲ ಪರೀಕ್ಷೆ' ಅಂತಾರೆ. ಬಂದದ್ದು ಸುಳ್ಳು, ನೀನು ಕಳಿಸಿದ್ದು ನಿಜ. ನಮ್ಮ ಬೀದಿಯಲ್ಲೇ ಒಬ್ಬಳು ಹಾಗೆ ಕಳ್ಕೊಂಡು ವಾರಗಟ್ಟಲೆ ಅತ್ತಳು."

"ನೋಡಿದ್ಯಾ?" ಎಂದರು ಮಾವ, ಯುದ್ಧ ಗೆದ್ದವರ ಹಾಗೆ. "ಎಲ್ಲ ಮೋಸ."

"ಎಲ್ಲ ಅಲ್ಲ ಕಂಡಕ್ಟರೇ. ಸರಿಯಾದವರೂ ಇದ್ದಾರೆ." ಟೀಚರ್ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೇಬಿಟ್ಟರು. ಸೇರಿಕೊಳ್ಳೋಕೆ ದುಡ್ಡು ಕೇಳದ ಕಂಪನಿ ಬೇಕು, ಆಫೀಸಿನ ವಿಳಾಸ ಇರಬೇಕು, ಫೋನ್ ಮಾಡಿದರೆ ಎತ್ತಬೇಕು ಎಂದರು. ಯಾವ ಅಂಗಡಿ, ಏನು ಕೇಳಬೇಕು, ಎಷ್ಟರವರೆಗೆ ಕೊಳ್ಳಬಹುದು, ಆ ದುಡ್ಡು ಯಾವಾಗ ವಾಪಸ್ ಬರುತ್ತದೆ, ಎಲ್ಲವನ್ನೂ ಮೊದಲೇ ಬರೆದು ಕೊಡಬೇಕು. "ಇದರಲ್ಲಿ ಸಂಸಾರ ನಡೆಯಲ್ಲ, ಅದೂ ಹೇಳಿಬಿಡ್ತೀನಿ. ತಿಂಗಳಿಗೆ ಎರಡೋ ಮೂರೋ ಕೆಲಸ. ಕೈಖರ್ಚಿಗೆ ಆಗುತ್ತೆ. ಜೊತೆಗೆ, ಬಾಯಿಗೆ ಬೀಗ. ಅಂಗಡಿಯಲ್ಲಿ ನೀನ್ಯಾರು ಅಂತ ಒಬ್ಬರಿಗೂ ಗೊತ್ತಾಗಬಾರದು."

ಸೊಸೆ ಆ ಮೋಸದ ಸಂದೇಶ ಅಳಿಸಿ, ನಂಬರಿಗೆ ತಡೆ ಹಾಕಿದಳು. ಟೀಚರ್ ಹೇಳಿದ ಕಂಪನಿಗೆ ಅರ್ಜಿ ಹಾಕಿದಳು. ಹನ್ನೆರಡು ದಿನಕ್ಕೆ ಮೊದಲ ಕೆಲಸ ಬಂತು. ಒಂದು ಶೂ ಕಂಪನಿಯ ಮಾಲು ಮಾರುವ ಚಪ್ಪಲಿ ಅಂಗಡಿ. ಮಗಳ ಅಳತೆಯ ಶಾಲೆಯ ಶೂ ಕೇಳಬೇಕು, ಎರಡು ಜೊತೆ ತೆಗೆಸಿ ನೋಡಬೇಕು, ಒಂದು ಕೊಳ್ಳಬೇಕು, ಬಿಲ್ ತರಬೇಕು.

"ನಾನೂ ಬರ್ತೀನಿ," ಎಂದರು ಮಾವ. "ಆ ಕಡೆ ನನಗೂ ಕೆಲಸ ಇದೆ."

ಆ ಕಡೆ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಸೊಸೆಗೂ ಅದು ಗೊತ್ತಿತ್ತು. ಮಾತಾಡಿಸುವವರೊಬ್ಬರು ಜೊತೆಗಿದ್ದರೆ ಯಾರಿಗೂ ಅನುಮಾನ ಬರಲಿಕ್ಕಿಲ್ಲ ಎಂದುಕೊಂಡು ಒಪ್ಪಿದಳು. ತಪ್ಪಾದದ್ದು ಅಲ್ಲೇ.

ಅಂಗಡಿ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಸೂರಿನವರೆಗೆ ಡಬ್ಬಗಳು, ಒಂದು ಮರದ ಏಣಿ, ಅದರ ಮೂರನೇ ಮೆಟ್ಟಿಲು ಇರಲೇ ಇಲ್ಲ. ಐವತ್ತರ ಹತ್ತಿರದ ಒಬ್ಬನೇ ಒಬ್ಬ ನೌಕರ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಮೂರು ಕಡೆ ಗಿರಾಕಿಗಳು ಕೂತಿದ್ದರು. ಅವನು ಒಬ್ಬರ ಕಾಲಿನ ಹತ್ತಿರ ಕೂರುತ್ತಿದ್ದ, ಎದ್ದು ಏಣಿ ಹತ್ತುತ್ತಿದ್ದ, ಇಲ್ಲದ ಮೆಟ್ಟಿಲನ್ನು ಅಭ್ಯಾಸದಿಂದ ದಾಟುತ್ತಿದ್ದ. ಗಲ್ಲಾದಲ್ಲಿ ಮಾಲೀಕ ಫೋನು ನೋಡುತ್ತಿದ್ದ.

ಸೊಸೆ ಕೂತು ಗಡಿಯಾರ ನೋಡಿಕೊಂಡಳು. ಏಳು ನಿಮಿಷ ಕಳೆದರೂ ಅವನು ಇತ್ತ ತಿರುಗಲಿಲ್ಲ.

ಮಾವನ ಕಣ್ಣು ಸೊಸೆಯ ಗಡಿಯಾರದ ಮೇಲೆ ಬಿತ್ತು. ಒರಟು ಎಂದು ಬರೆಯುತ್ತಾಳೆ ಇವಳು. ಖಂಡಿತ ಬರೆಯುತ್ತಾಳೆ. ಈ ಪಾಪದವನನ್ನು ನಾಳೆ ಮಾಲೀಕ ಕರೆದು ನಿಲ್ಲಿಸುತ್ತಾನೆ. ಇವನು "ಯಾವತ್ತು ಸಾರ್?" ಎಂದು ಕೇಳುತ್ತಾನೆ.

ಬಸ್ಸಿನವರಲ್ಲಿ ಒಂದು ಪದ್ಧತಿ ಇತ್ತು. ಎದುರಿನಿಂದ ಬರುವ ಗಾಡಿಯ ಕಂಡಕ್ಟರ್ ಬಾಗಿಲಲ್ಲಿ ನಿಂತು, ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಲ್ಲಿ ತಟ್ಟಿದರೆ, ಮುಂದೆ ಚೆಕಿಂಗ್‌ನವರಿದ್ದಾರೆ, ಹುಷಾರು ಎಂದರ್ಥ. ಮೂವತ್ತೊಂದು ವರ್ಷದಲ್ಲಿ ಮಾವ ಈ ಸನ್ನೆ ಕೊಡುವುದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಈಗಲೂ ಕೈ ತಾನಾಗಿಯೇ ಎದ್ದಿತು. ಏಣಿಯ ಮೇಲಿದ್ದವನನ್ನು ನೋಡುತ್ತಾ ಮಣಿಕಟ್ಟನ್ನು ತಟ್ಟಿದರು.

"ಹನ್ನೊಂದೂ ಕಾಲು ಸಾರ್," ಎಂದ ಅವನು.

ಮಾವನಿಗೆ ತಡೆಯಲಾಗಲಿಲ್ಲ. ಸೊಸೆ ಬಾಗಿಲ ಬಳಿಯ ಶೂ ನೋಡಲು ಎದ್ದಾಗ ಏಣಿಯ ಬುಡಕ್ಕೆ ಹೋಗಿ ಪಿಸುಗುಟ್ಟಿದರು. ಮಾವನ ಪಿಸುಮಾತು ಎಂದರೆ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದ್ದು. "ನೋಡಪ್ಪ, ಆ ಹೆಣ್ಣುಮಗಳು ನಿನ್ನ ಮೇಲೆ ವರದಿ ಬರೆಯೋಕೆ ಬಂದಿದ್ದಾಳೆ. ಸ್ವಲ್ಪ ನಗ್ತಾ ಮಾತಾಡು."

ಗಲ್ಲಾದಲ್ಲಿದ್ದ ಮಾಲೀಕನ ಕೈಯಿಂದ ಫೋನು ಕೆಳಗಿಳಿಯಿತು. ಎರಡೇ ನಿಮಿಷದಲ್ಲಿ ಅಂಗಡಿಯ ಬಣ್ಣವೇ ಬದಲಾಯಿತು. ಹಿಂದಿನ ಗೋದಾಮಿನಿಂದ ಇಬ್ಬರು ಓಡಿ ಬಂದು ಸಾಲಾಗಿ ನಿಂತರು. ಫ್ಯಾನ್ ತಿರುಗಿತು. ಸೊಸೆಗೆ ನೀರು ಬಂತು, ಕೂರಲು ಮೆತ್ತೆಯ ಕುರ್ಚಿ ಬಂತು. ಏಣಿಯನ್ನು ಯಾರೋ ಎತ್ತಿಕೊಂಡು ಹೋಗಿ ಪರದೆಯ ಹಿಂದೆ ಬಚ್ಚಿಟ್ಟರು. ಕನ್ನಡಕದವನು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದ. ಅವನ ಹಣೆಯ ಬೆವರು ಇನ್ನೂ ಆರಿರಲಿಲ್ಲ.

ಸೊಸೆ ಶೂ ಕೊಂಡಳು, ಬಿಲ್ ತೆಗೆದುಕೊಂಡಳು, ಹೊರಗೆ ಬಂದಳು. ಬಿರಬಿರನೆ ನಡೆದು ಮನೆ ಸೇರಿದಳು. ಬಾಗಿಲು ಹಾಕಿದ ಮೇಲೆ ತಿರುಗಿ ನಿಂತಳು. ಈ ಮನೆಗೆ ಬಂದು ಒಂಬತ್ತು ವರ್ಷದಲ್ಲಿ ಮಾವನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

"ಯಾಕೆ ಹೀಗೆ ಮಾಡಿದ್ರಿ ಮಾವ? ನನ್ನನ್ನ ಅಷ್ಟು ಕೆಟ್ಟೋಳು ಅಂತ ಅಂದ್ಕೊಂಡಿದ್ದೀರಾ?"

"ಅವನ ಹೊಟ್ಟೆ ಮೇಲೆ ಹೊಡೀಬಾರದು ಅಂತ..."

"ನಾನು ಹೊಡೀತೀನಿ ಅಂತ ಯಾರು ಹೇಳಿದ್ರು ನಿಮಗೆ?"

ತಪ್ಪು ಮಾಡಿದವರೆಲ್ಲ ಮಾಡುವ ಹಾಗೆ ಮಾವ ದನಿ ಏರಿಸಿದರು. "ಆದದ್ದು ಆಯ್ತು. ಚೆನ್ನಾಗಿ ನೋಡ್ಕೊಂಡ್ರು ಅಂತ ಬರೆದುಬಿಡು. ನಿನಗೂ ಕೆಲಸ ಉಳಿಯುತ್ತೆ, ಅವನಿಗೂ ಒಳ್ಳೇದಾಗುತ್ತೆ."

ಗಲಾಟೆ ಕೇಳಿ ಟೀಚರ್ ಕೆಳಗೆ ಬಂದಿದ್ದರು. ನಡೆದದ್ದನ್ನು ಕೇಳಿ ಅವರಿಗೂ ಮೈಯೆಲ್ಲ ಉರಿಯಿತು.

"ಯಾವ ಒಳ್ಳೇದು ಕಂಡಕ್ಟರೇ? ಲೆಕ್ಕ ಹಾಕಿ ನೋಡಿ. ನೀವು ಹೇಳೋಕೆ ಮೊದಲು ಆ ಮನುಷ್ಯ ಮೂರು ಜನರ ಕೆಲಸ ಒಬ್ಬನೇ ಮಾಡ್ತಿದ್ದ. ಮುರಿದ ಏಣಿ ಹತ್ತುತ್ತಿದ್ದ. ಇವಳು ಅದನ್ನ ನೋಡಿದ್ದಳು. 'ನೌಕರ ಒಬ್ಬನೇ, ಗಿರಾಕಿಗಳು ನಾಲ್ವರು, ಏಣಿಗೆ ಮೆಟ್ಟಿಲಿಲ್ಲ' ಅಂತ ಬರೀತಿದ್ದಳು. ಶೂ ಕಂಪನಿಯೋರು ಅಂಗಡಿ ಮಾಲೀಕನನ್ನ ಕೇಳ್ತಿದ್ರು. ಈಗ ನೀವು ಹೇಳಿದ ಹಾಗೆ ಬರೆದರೆ ಅಲ್ಲಿ ಮೂರು ಜನ ನೌಕರರು, ನೀರು, ಫ್ಯಾನು, ನಗು. ಏಣಿಯೇ ಇಲ್ಲ. ನಾಳೆ ಅವನು ಅದೇ ಏಣಿಯಿಂದ ಬಿದ್ದರೆ, 'ಎಲ್ಲ ಸರಿಯಿತ್ತು' ಅಂತ ಮಾಲೀಕ ನಿಮ್ಮ ಸೊಸೆಯ ವರದಿಯನ್ನೇ ತೋರಿಸ್ತಾನೆ."

"ನನ್ನ ಮೇಲೂ ಒಬ್ಬ ಒರಟು ಅಂತ ಬರೆದು, ಎರಡು ವರ್ಷ ನಸುಕಿನ ಪಾಳಿಗೆ ಹಾಕಿಸಿದ ಟೀಚರೇ, ಅದಕ್ಕೇ..." ಎಂದರು ಮಾವ.

"ನಿಮ್ಮ ಮೇಲೆ ಬರೆದವನು ಕೆಟ್ಟ ಸುಳ್ಳು ಬರೆದ," ಎಂದರು ಟೀಚರ್, ದನಿ ತಗ್ಗಿಸದೆ. "ನೀವು ಒಳ್ಳೆ ಸುಳ್ಳು ಬರೆಸ್ತೀರಿ. ಎರಡರಲ್ಲೂ ಕೆಟ್ಟದ್ದಾಗೋದು ಕೆಲಸದವನಿಗೇ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮಾವ ಹೋಗಿ ತಮ್ಮ ಕೋಣೆಯಲ್ಲಿ ಕೂತರು. ಅವರಿಗೆ ನಾಚಿಕೆಯಾಗಿತ್ತು. ಸಿಟ್ಟೂ ಇತ್ತು, ಆದರೆ ಯಾರ ಮೇಲೆ ತೋರಿಸುವುದೆಂದು ಈ ಸಲ ತಿಳಿಯಲಿಲ್ಲ.

ಸೊಸೆ ಅವತ್ತೇ ಕಂಪನಿಗೆ ಬರೆದಳು: "ಭೇಟಿಯ ನಡುವೆ ಜೊತೆಗೆ ಬಂದಿದ್ದ ನನ್ನ ಮಾವನಿಂದ ಗುಟ್ಟು ಹೊರಬಿತ್ತು. ಆಮೇಲೆ ನಾನು ಕಂಡದ್ದು ನಿಜವಾದ ಅಂಗಡಿಯಲ್ಲ. ಅದಕ್ಕೆ ಮೊದಲಿನ ಒಂಬತ್ತು ನಿಮಿಷದಲ್ಲಿ ಕಂಡದ್ದನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ಈ ಭೇಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ." ಸಂಭಾವನೆ ಬರಲಿಲ್ಲ. ಶೂವಿನ ದುಡ್ಡೂ ವಾಪಸ್ ಬರಲಿಲ್ಲ. ಶೂ ಮಗಳ ಕಾಲಿಗೆ ಸರಿಯಾಗಿತ್ತು, ಅದೊಂದೇ ಸಮಾಧಾನ.

ಇನ್ನು ಕರೆಯುವುದಿಲ್ಲ ಎಂದು ಅವಳು ಆಸೆ ಬಿಟ್ಟಿದ್ದಳು. ಮಾವ ದಿನವೂ ಏನೋ ಕೇಳಲು ಬಂದವರಂತೆ ಅಡುಗೆಮನೆಯ ಬಾಗಿಲವರೆಗೆ ಬಂದು, ನೀರು ಕುಡಿದು ಹೋಗುತ್ತಿದ್ದರು. ಹದಿನೆಂಟನೇ ದಿನ ಕಂಪನಿಯ ಹೆಂಗಸೊಬ್ಬಳು ಫೋನ್ ಮಾಡಿದಳು. ಆ ಅಂಗಡಿಗೆ ಬೇರೆಯವರನ್ನು ಕಳಿಸಿ ನೋಡಿದ್ದೇವೆ, ನೀವು ಬರೆದ ಒಂಬತ್ತು ನಿಮಿಷ ಸರಿಯಿತ್ತು ಎಂದಳು. ಹೊಸ ಏಣಿ ತರಿಸಲು ಶೂ ಕಂಪನಿಯವರು ಮಾಲೀಕನಿಗೆ ಹೇಳಿದ್ದಾರಂತೆ. ನಿಮ್ಮದೇ ತಪ್ಪನ್ನು ನೀವೇ ಬರೆದಿರಲ್ಲ, ಅದಕ್ಕೇ ಇನ್ನೊಂದು ಕೆಲಸ ಕೊಡುತ್ತಿದ್ದೇವೆ ಎಂದಳು. ಈ ಸಲ ಒಂದು ಬ್ಯಾಂಕು.

ಈ ಸಲ ಸೊಸೆ ಒಬ್ಬಳೇ ಹೋದಳು. ಮಾವ ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ಕೂತು, ಬರುವ ಹೋಗುವ ಬಸ್ಸುಗಳನ್ನೆಲ್ಲ ಬೈಯುತ್ತಾ ಕಾದರು. ಅವಳು ಮರಳಿ ಬಂದು, ನೆನಪು ಹಸಿಯಾಗಿರುವಾಗಲೇ ಬರೆಯಲು ಕೂತಳು. ಒಂದು ಕಡೆ ಪೆನ್ನು ನಿಂತಿತು. ಹುಬ್ಬು ಗಂಟಾಯಿತು.

"ಯಾಕಮ್ಮ, ಕೆಟ್ಟದಾಗಿ ನಡ್ಕೊಂಡರಾ?"

"ಕೌಂಟರಿನಲ್ಲಿದ್ದೋನು ನನಗಿಂತ ಮುಂದಿದ್ದ ಮುದುಕಿಯನ್ನ ಗದರಿಸಿದ ಮಾವ. ನನಗೆ ಎಷ್ಟು ಕೋಪ ಬಂತು ಅಂದ್ರೆ... ಜಾಸ್ತಿ ಹೇಳಬಾರದು ನಾನು."

"ಹೇಳಬೇಡ, ತೋರಿಸಲೂ ಬೇಡ. ನಾನು ನೋಡಲ್ಲ." ಮಾವ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಹಾಗೇ ಕೇಳಿದರು. "ಒಂದೇ ಮಾತು. ನೀನು ಬರೆದದ್ದನ್ನ ಅವನ ಎದುರಿಗೆ ನಿಂತು ಓದೋಕೆ ಆಗುತ್ತಾ?"

ಸೊಸೆ ಹಾಳೆ ನೋಡಿದಳು. ಮೊದಲ ಸಾಲಿನಲ್ಲಿ "ದುರಹಂಕಾರಿ" ಎಂದು ಬರೆದಿದ್ದಳು. ಅದನ್ನು ಹೊಡೆದು ಹಾಕಿ, ಗಂಟೆ ಬರೆದಳು, ಕೌಂಟರಿನ ನಂಬರು ಬರೆದಳು, ಆ ಮನುಷ್ಯ ಮುದುಕಿಗೆ ಅಂದ ಮಾತನ್ನು ಅಕ್ಷರ ಬಿಡದೆ ಬರೆದಳು. ಮುದುಕಿ ತಪ್ಪು ಚೀಟಿ ತಂದಿದ್ದಳು ಎಂಬುದನ್ನೂ ಬರೆದಳು. ಮತ್ತೊಮ್ಮೆ ಓದಿಕೊಂಡಳು.

"ಆಗುತ್ತೆ ಮಾವ."

"ಹಾಗಾದ್ರೆ ಕಳಿಸು," ಎಂದರು ಕಂಡಕ್ಟರ್ ಮಾವ. ಅಷ್ಟು ಹೊತ್ತೂ ಎಡ ಮಣಿಕಟ್ಟಿನ ಮೇಲೆ ಇಟ್ಟುಕೊಂಡಿದ್ದ ಎರಡು ಬೆರಳನ್ನು ಆಗ ತೆಗೆದರು.

ಅಕ್ಕ, ತಂಗಿ, ಅಣ್ಣ, ಇದನ್ನು ಓದುತ್ತಿರುವವರು ಯಾರೇ ಆಗಿರಿ, ಬಿಡುವಿನ ಹೊತ್ತಿನಲ್ಲಿ ಈ ಕೆಲಸ ಮಾಡುವ ಮನಸ್ಸಿದ್ದರೆ ಮಾಡಿ. ಇದರಲ್ಲಿ ಕೀಳು ಏನೂ ಇಲ್ಲ. ಆದರೆ ಮೊದಲೇ ದುಡ್ಡು ಕೇಳಿದವರ ಮುಖದ ಮೇಲೆ ಬಾಗಿಲು ಹಾಕಿ; ನಿಮ್ಮ ಬಡತನವನ್ನೇ ಬಂಡವಾಳ ಮಾಡಿಕೊಂಡವರಿಗೆ ಮರ್ಯಾದೆ ಯಾಕೆ? ಗೊತ್ತಿಲ್ಲದವರು ಹಾಕಿದ ದುಡ್ಡನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಅಂಗಡಿಗೆ ಹೋದಾಗ ಗಡಿಯಾರ ನೋಡಿಕೊಳ್ಳಿ, ಬಿಲ್ ಜೋಪಾನ ಮಾಡಿ, ಮನೆಯವರನ್ನು ಮನೆಯಲ್ಲೇ ಬಿಡಿ. ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನು ಬೇಡ. ಕೌಂಟರಿನ ಆಚೆ ನಿಂತಿರುವವರಿಗೂ ನಿಮ್ಮ ಹಾಗೆ ಒಂದು ಮನೆ ಇದೆ. ನೀವು ಬರೆಯುವ ಒಂದು ಪದ ಅವರ ಹದಿನೈದು ವರ್ಷದ ನಿದ್ದೆ ಕೆಡಿಸಬಹುದು. ಕಳಿಸುವ ಮುಂಚೆ ಕಂಡಕ್ಟರ್ ಮಾವ ಕೇಳಿದ್ದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.