ಸರಿ ಅಂದ ಮೇಲೇ ಬಿಡೋದು

ಪೇಂಟರ್ ತನ್ನ ಅಕ್ಕನ ಮನೆಗೆ ಬಂದದ್ದು ಎರಡು ದಿನದ ಮಟ್ಟಿಗೆ, ಮಕ್ಕಳಿಗೆ ಸೈಕಲ್ ಕಲಿಸಲಿಕ್ಕೆ. ಕಲಿಸಬೇಕಾದ ಅಪ್ಪ ಮನೆಯಲ್ಲೇ ಇದ್ದ; ಸಾಲದ್ದಕ್ಕೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. "ಊರವರಿಗೆಲ್ಲ ಕಾರು ಕಲಿಸ್ತಾರಪ್ಪ, ಹೆತ್ತ ಮಕ್ಕಳ ಸೈಕಲ್ ಹಿಡ್ಕೊಳ್ಳೋಕೆ ಮಾತ್ರ ಸೊಂಟ ನೋವಂತೆ," ಅಂತ ಅಕ್ಕ ಫೋನಿನಲ್ಲಿ ಅಂದಿದ್ದಳು.

ಮಕ್ಕಳು ಇಬ್ಬರು. ಏಳು ವರ್ಷದವಳು ಕಡ್ಡಿ, ಐದರವನು ದಿಂಬು. ಹೆಸರು ಕೇಳಿದ ಮೇಲೆ ಆಕಾರ ಕೇಳಬೇಕಿಲ್ಲ.

ಮೊದಲ ದಿನ ಬೆಳಿಗ್ಗೆಯೇ ಪೇಂಟರ್ ಅವರನ್ನು ಮನೆ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ ತನ್ನ ಕಸುಬಿನ ಕಾನೂನು ಹೇಳಿದ. "ನಾನು ಏಣಿ ಮೇಲೆ ನಿಂತು ಬಣ್ಣ ಹೊಡೀತಿರ್ತೀನಿ. ಕೆಳಗೊಬ್ಬ ಏಣಿ ಹಿಡ್ಕೊಂಡಿರ್ತಾನೆ. ಮೂಗು ತುರಿಸಿದ್ರೂ ಅವನು ಸುಮ್ಮನೆ ಕೈ ತೆಗೆಯೋ ಹಾಗಿಲ್ಲ. 'ಬಿಟ್ಟೆ' ಅನ್ಬೇಕು. ನಾನು 'ಸರಿ' ಅನ್ಬೇಕು. ಆಮೇಲೇ ಬಿಡೋದು. ಇಲ್ಲೂ ಹಂಗೇ."

"ನಾನು ಸರಿ ಅನ್ನದೇ ಇದ್ರೆ?" ಕಡ್ಡಿ ಕೇಳಿದಳು.

"ಹಿಡ್ಕೊಂಡೇ ಇರ್ತೀನಿ."

"ಊಟಕ್ಕೆ?" ಅಂದ ದಿಂಬು. ಅವನ ಚಿಂತೆ ಅವನದು.

ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಐದು ಹೆಜ್ಜೆಯ ದೂರಕ್ಕೆ ಧೈರ್ಯವಾಗಿ "ಸರಿ" ಅನ್ನುತ್ತಿದ್ದಳು. ಆಮೇಲೆ ಹತ್ತು ಹೆಜ್ಜೆಗೆ. ಸಂಜೆ ಭಾವ ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ಚಿಕ್ ಚಿಕ್ ಅಂತ ಹೀರುತ್ತ ಮೊಬೈಲು ಹಿಡಿದು ಬಂದ. ಆ ಸದ್ದು ಕೇಳಿದರೇ ಪೇಂಟರಿಗೆ ಕಿವಿಯೊಳಗೆ ಎಂಜಲು ಬಿದ್ದ ಹಾಗಾಗುತ್ತಿತ್ತು.

"ಏನಯ್ಯಾ ಭಾಮೈದ, ಸೈಕಲ್ ಕಲಿಸ್ತಿದೀಯೋ, ಪಂಚಾಯಿತಿ ನಡೆಸ್ತಿದೀಯೋ? ಬಿಟ್ಟೆ, ಸರಿ, ಬಿಟ್ಟೆ, ಸರಿ. ಸುಳ್ಳು ಹೇಳದೆ ಜಗತ್ತಿನಲ್ಲಿ ಯಾವ ಮಗುವೂ ಸೈಕಲ್ ಕಲಿತಿಲ್ಲ. ಸರಿ ಅತ್ಲಾಗೆ."

ಪೇಂಟರನ್ನು ಪಕ್ಕಕ್ಕೆ ತಳ್ಳಿ ತಾನೇ ಸೀಟು ಹಿಡಿದ. ಹಿಡಿದ ಅಂದರೆ ಎರಡು ಬೆರಳು ಮುಟ್ಟಿಸಿದ. ಇನ್ನೊಂದು ಕೈಯಲ್ಲಿ ಮೊಬೈಲು. "ಹಿಂದೆ ನೋಡ್ಬೇಡ ಪುಟ್ಟೀ. ಮಾವ ಹಿಡ್ಕೊಂಡಿದಾನೆ, ತುಳಿ."

ಮಾವ ಮೂರು ಮಾರು ದೂರದಲ್ಲಿ ಬರಿಗೈಯಲ್ಲಿ ನಿಂತಿದ್ದ. ಇಲ್ಲ ಕಣೇ, ನಾನು ಹಿಡ್ಕೊಂಡಿಲ್ಲ ಅಂತ ಒಂದು ಮಾತು ಅನ್ನಬಹುದಿತ್ತು. ಭಾವನಿಗೆ ಎದುರಾಡಿ ಅಕ್ಕನ ಮನೆಯಲ್ಲಿ ತಟ್ಟೆ ಮುಂದೆ ಕೂರೋದು ಹೇಗೆ ಅನ್ನಿಸಿತು. ಬಾಯಿಗೆ ಬೀಗ ಹಾಕಿಕೊಂಡ.

ಕಡ್ಡಿ ಗಲ್ಲಿಯ ಅರ್ಧದವರೆಗೆ ಚೆಂದಾಗಿ ಹೋದಳು. "ಮಾವ, ನಾನಿನ್ನೂ ಸರಿ ಅಂದಿಲ್ಲ," ಅಂತ ಕೂಗಿದಳು. ತಿರುಗಿ ನೋಡಿದಳು, ಬಿದ್ದಳು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ, ವಿಡಿಯೋ ಮಾತ್ರ ನಿಲ್ಲಿಸಲಿಲ್ಲ.

ಮಂಡಿ ತರಚಿತ್ತು. ಅವಳು ಅಳಲಿಲ್ಲ. ಎತ್ತಲು ಬಂದ ಮಾವನ ಕೈಯನ್ನೇ ನೋಡಿ, ತಾನೇ ಎದ್ದಳು.

ರಾತ್ರಿ ಊಟಕ್ಕೆ ಕೂತಾಗ ಭಾವ ಆ ವಿಡಿಯೋ ನಾಲ್ಕು ಸಲ ಹಾಕಿದ. ನಗುವಾಗ ಅವನ ಬಾಯಿಂದ ಒಂದು ಅಗುಳು ಹಾರಿ, ಬೀಳುತ್ತಿದ್ದ ಕಡ್ಡಿಯ ಮುಖದ ಮೇಲೇ ಕೂತಿತು. ಹೆಬ್ಬೆರಳಿನಿಂದ ಒರೆಸಿ ಮತ್ತೆ ಹಾಕಿದ. ಪೇಂಟರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ಅಸಹ್ಯ ಭಾವನ ಮೇಲಷ್ಟೇ ಆಗಿದ್ದರೆ ನುಂಗಿಬಿಡುತ್ತಿದ್ದ; ತನ್ನ ಮೇಲೂ ಇತ್ತು.

ಮಾರನೇ ದಿನ ಸಂಜೆ ಐದೂವರೆಗೆ ಅವನ ಬಸ್ಸು. ಚೀಲ ಹೆಗಲಿಗೇರಿಸಿ ಗಲ್ಲಿಗೆ ಬಂದರೆ, ಕಡ್ಡಿ ತಮ್ಮನ ಸೀಟು ಹಿಡಿದು ನಿಂತಿದ್ದಳು.

"ಹಿಂದೆ ನೋಡ್ಬೇಡ ಕಣೋ. ನಾನು ಹಿಡ್ಕೊಂಡಿದೀನಿ, ತುಳಿ."

ಎರಡೇ ಬೆರಳು. ಬಿಟ್ಟಳು. ದಿಂಬು ಸೈಕಲ್ ಸಮೇತ ಚರಂಡಿಗೆ ಹೋದ. ಮಂಡಿಯವರೆಗೆ ಕಪ್ಪು ಕೊಚ್ಚೆ. ಕಡ್ಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ನಗು, ಅಚ್ಚು ಒತ್ತಿದ ಹಾಗೆ. ಗೇಟಿನ ಹತ್ತಿರ ಮೊಬೈಲು ಎತ್ತಿಕೊಂಡಿದ್ದ ಭಾವ, "ಹೊಡಿ ಚಪ್ಪಾಳೆ. ಇವಳು ನನ್ನ ಮಗಳು," ಅಂದ.

ಪೇಂಟರಿಗೆ ಟರ್ಪೆಂಟೈನ್ ಕುಡಿದ ಹಾಗೆ ಒಳಗೆಲ್ಲ ಉರಿದು ಬಂತು. ಚೀಲ ಕೆಳಗಿಟ್ಟು ಹುಡುಗನನ್ನು ಎತ್ತಿದ.

"ಭಾವ, ಆ ಫೋನು ಜೇಬಿಗಿಡಿ. ನೋಡಿದ್ರೆ ವಾಂತಿ ಬರುತ್ತೆ."

"ಏನಂದೆ?"

"ಕಾರು ಕಲಿಸುವಾಗ ನಿಮ್ಮ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುತ್ತೆ. ಈ ಮಕ್ಕಳಿಗೆ ಇದ್ದದ್ದು ಒಂದು ಮಾತು. ಅದನ್ನ ನನ್ನ ಹೆಸರು ಹೇಳಿಯೇ ಕಿತ್ತು ಹಾಕಿದ್ರಿ." ಕಡ್ಡಿಯ ಕಡೆ ತಿರುಗಿದ. "ನಿನ್ನೆ ನಾನು ಹಿಡ್ಕೊಂಡಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಕೊಂಡು ನಿಂತೆ. ಅದು ಈ ಚರಂಡಿಗಿಂತ ಗಲೀಜು."

ಕಡ್ಡಿಯ ನಗು ನಿಂತಿತು. "ಹಂಗೇ ಕಲಿಸೋದಂತೆ. ಅಪ್ಪ ಹೇಳಿದ್ರು," ಅಂದಳು, ಸಣ್ಣಗೆ.

ಪೇಂಟರ್ ಸೈಕಲ್ಲನ್ನು ಚರಂಡಿಯಿಂದ ಎಳೆದು ನಿಲ್ಲಿಸಿದ. ದಿಂಬುವನ್ನು ಸೀಟಿನ ಮೇಲೆ ಕೂರಿಸಿ, ನಾರುವ ಕೊಚ್ಚೆಯ ಮೇಲೇ ಕೈಯೂರಿ ಹಿಡಿದುಕೊಂಡು ಓಡಿದ. ಗಲ್ಲಿಯ ಕೊನೆಯಲ್ಲಿ ಕೇಳಿದ, "ಬಿಟ್ಟೆ?"

"ಬೇಡ."

ಮತ್ತೊಂದು ಸುತ್ತು. "ಬಿಟ್ಟೆ?"

"ಬೇಡ ಮಾವ."

ಏಳನೇ ಸುತ್ತಿಗೆ ಮಾವನ ಬೆನ್ನು ಬಿಲ್ಲಾಗಿತ್ತು. ಭಾವ ಚಿಕ್ ಅಂತ ಹಲ್ಲು ಹೀರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ದೊಡ್ಡ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಮಾವ, ನಿನ್ನ ಬಸ್ ಹೋಯ್ತು," ಅಂದಳು ಕಡ್ಡಿ.

"ಹೋಗ್ಲಿ. ಇವನಿನ್ನೂ ಸರಿ ಅಂದಿಲ್ಲ."