ಎರಡೂರಿನ ಕಂಬಳಿ

ಯತ್ತಪ್ಪನ ಕುರಿಗಳನ್ನು ಬಂಡಪಲ್ಲಿಯವರು ಹಿಡಿದು ದೊಡ್ಡಿಗೆ ತುಂಬಿದ್ದರು. ಹಾಲು ಕುಡಿಯುವ ಮರಿಗಳೆಲ್ಲ ಇತ್ತ ಹಟ್ಟಿಯಲ್ಲಿ ಉಳಿದು ಬೆಳಗಿನಿಂದ ಅರಚುತ್ತಿದ್ದವು. ಇನ್ನೊಂದು ದಿನ ಹೋದರೆ ಎಳೆಯವು ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ನಾಗಲಮಡಿಕೆಯಿಂದ ಆಚೆಗೆ, ಅವನ ಹಟ್ಟಿಗೂ ಆಂಧ್ರದ ಬಂಡಪಲ್ಲಿಗೂ ಇರುವುದು ಒಂದೇ ಕೆರೆ. ಕೆರೆಯಂಗಳದ ನಡುವೆ ಗಡಿಕಲ್ಲು. ಮೇಯಿಸಲು ಊರಿಗೊಂದು ದಿನದ ಸರದಿಯಿದ್ದರೂ, ಬೇಸಿಗೆಯಲ್ಲಿ ನೀರಿಳಿದು ಹುಲ್ಲೆದ್ದರೆ ಪ್ರತಿ ವರ್ಷ ಯಾರದಾದರೂ ತಲೆ ಒಡೆಯುತ್ತಿತ್ತು. ದೂರು ಕೊಟ್ಟರೆ ಈ ರಾಜ್ಯದ ಪೊಲೀಸರು ಕಲ್ಲಿನಾಚೆ ನಮ್ಮದಲ್ಲ ಎನ್ನುತ್ತಿದ್ದರು, ಆ ರಾಜ್ಯದವರೂ ಅದನ್ನೇ ಹೇಳುತ್ತಿದ್ದರು.

ಯತ್ತಪ್ಪನ ತಮ್ಮ ಕೆಂಪಯ್ಯ ಆಗಲೇ ಹುಡುಗರನ್ನು ಕೂಡಿಸಿ ದೊಣ್ಣೆ ಹಿಡಿದು ನಿಂತಿದ್ದ. ಯತ್ತಪ್ಪ ತಡೆದ. ಹಿರಿಯರು ಮಾಡುತ್ತಿದ್ದಂತೆ ಹುಣಸೆಮರದ ಕೆಳಗೆ ಕಂಬಳಿ ಹಾಸಿ, ಅದರ ಮೇಲೆ ಕೂತು ಸುಳ್ಳಾಡಬಾರದೆಂಬ ಕಟ್ಟಿನ ಮೇಲೆ ಬಂಡಪಲ್ಲಿಯ ಯಜಮಾನ ನರಸಿಂಹರಾಜುವಿಗೆ ಪಂಚಾಯ್ತಿಗೆ ಬರಲು ಹೇಳಿಕಳಿಸಿದ. ಅವನು ಬರಲಿಲ್ಲ, ಮಾತು ಬಂತು.

“ಮೀ ಕಂಬಳಿ, ಮೀ ಚೆಟ್ಟು. ಮೇಮೆಂದುಕು ಕೂರ್ಚೋವಾಲ?”

ಕಂಬಳಿಯೂ ನಿಮ್ಮದು, ಮರವೂ ನಿಮ್ಮದು, ನಾವ್ಯಾಕೆ ಕೂರಬೇಕು? ತಪ್ಪಿರುವುದು ಎಲ್ಲೆಂದು ಯತ್ತಪ್ಪನಿಗೆ ಆಗ ಹೊಳೆಯಿತು.

ಅಳಿಯ ನಟರಾಜು ಮಧುಗಿರಿಯಲ್ಲಿ ಸಮಾಜ ಪಾಠದ ಮೇಷ್ಟ್ರು, ಬೇಸಿಗೆ ರಜೆಗೆ ಬಂದಿದ್ದ. ಜಗಲಿಯ ಮೇಲೆ ಪೇಪರಿನಲ್ಲಿ ಯಾವುದೋ ದೇಶಗಳ ಯುದ್ಧದ ಸುದ್ದಿ ಓದುತ್ತಿದ್ದ. ಇದನ್ನು ನಿಲ್ಲಿಸೋರು ಯಾರೂ ಇಲ್ಲವೇ ಎಂದು ಮಾವ ಕೇಳಿದ. ಎಲ್ಲ ದೇಶ ಸೇರಿದ ಸಂಸ್ಥೆ ಒಂದಿದೆ, ಬಲವಾದ ದೇಶ ಒಲ್ಲೆ ಎಂದರೆ ಅದರ ಮಾತು ನಡೆಯುವುದಿಲ್ಲ ಎಂದ ಅಳಿಯ.

“ಅಂಗಾದ್ರೆ ಅದು ಪಂಚಾಯ್ತಿ ಅಲ್ಲ ಕಣಯ್ಯ, ಸಂತೆ. ಕಟ್ಟು ಅಂದ್ರೆ ಕಟ್ಟಿದೋನಿಗೂ ಬೀಳಬೇಕು.”

ಕಂಬಳಿಯನ್ನು ನೇಯುವುದೇ ಎರಡು ಪಟ್ಟಿಯಾಗಿ. ಆಮೇಲೆ ನಡುವೆ ಹೊಲಿಯುತ್ತಾರೆ. ಯತ್ತಪ್ಪನ ಹೆಂಡತಿ ಗಿರಿಯಮ್ಮ ತಮ್ಮ ಕಂಬಳಿಯ ಹೊಲಿಗೆ ಬಿಚ್ಚಿ ಒಂದು ಪಟ್ಟಿ ತೆಗೆದಳು. ಇನ್ನೊಂದು ಪಟ್ಟಿ ನಿಮ್ಮದಿರಲಿ ಎಂದು ಬಂಡಪಲ್ಲಿಗೆ ಹೇಳಿಕಳಿಸಿದರು. ಮಧ್ಯಾಹ್ನಕ್ಕೆ ನರಸಿಂಹರಾಜು ಕರಿ ಪಟ್ಟಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ. ಗಡಿಕಲ್ಲಿನ ಪಕ್ಕ ಕೂತು ಗಿರಿಯಮ್ಮ ಎರಡನ್ನೂ ಸೇರಿಸಿ ಹೊಲಿದಳು. ಅಲ್ಲೇ ಹಾಸುವಾಗ ಎರಡೂರಿನ ದೊಣ್ಣೆಗಳೂ ಕಂಬಳಿಯ ಅಡಿಗೆ ಹೋದವು. ಊರಿಗಿಬ್ಬರು ಕೂತರು, ಎರಡೂ ಕಡೆಯ ಹುಲ್ಲಿನ ಆಸೆಯಿಲ್ಲದ ಶಿರಾದ ಕುರಿಗಾರ ಪರ್ವತಯ್ಯ ನಡುವೆ ಕೂತ.

ತೀರ್ಪು ಹೊತ್ತಿಳಿಯುವ ಮುಂಚೆ ಬಂತು. ಕುರಿಗಳು ಈಗಲೇ ಬಿಡುಗಡೆ. ಆದರೆ ಆಚೆಯವರ ಸರದಿಯ ದಿನ ಮಂದೆ ನುಗ್ಗಿಸಿದ್ದು ಯತ್ತಪ್ಪನೇ. ಅಮಾವಾಸ್ಯೆ ಕಳೆಯುವವರೆಗೆ ಅವನ ಕುರಿ ಕೆರೆಯಂಗಳಕ್ಕೆ ಇಳಿಯಬಾರದು.

ಕೆಂಪಯ್ಯ ಕಂಬಳಿಯ ಅಂಚಿಗೆ ಕೈ ಹಾಕಿದ. “ನಮ್ಮೂರ ಹುಲ್ಲಿಗೆ ಶಿರಾದೋನು ಅಪ್ಪಣೆ ಕೊಡ್ತಾನೇನಣ್ಣ? ಎಳೆದಾಕ್ಬುಡ್ತೀನಿ.”

ಎಲ್ಲರೂ ಯತ್ತಪ್ಪನ ಮುಖ ನೋಡಿದರು. ಅವನು ಕೆರೆಯಂಗಳದತ್ತ ತಿರುಗಿದ. ಅಮಾವಾಸ್ಯೆಯವರೆಗೆ ಗುಡ್ಡ ಸುತ್ತಬೇಕು, ಹುಲ್ಲು ಕಣ್ಣೆದುರೇ ಇದೆ.

“ಬುಡ್ಲಾ ಕೈನಾ. ಹಾಸಿದ್ದು ನಾನು. ನಾನೇ ಮೀರಿದ್ರೆ ನಾಳೆ ಯಾರು ಕೂರ್ತಾರೆ?”

ಅವನು ಕಂಬಳಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನರಸಿಂಹರಾಜು ತಾನೇ ಎದ್ದು ಹೋಗಿ ದೊಡ್ಡಿಯ ಅಗಳಿ ತೆಗೆದ. ಕುರಿಗಳು ಧೂಳೆಬ್ಬಿಸಿಕೊಂಡು ಗಡಿಕಲ್ಲು ದಾಟಿ ಬಂದವು. ಮರಿಗಳು ಹಟ್ಟಿಯ ಬೇಲಿ ನುಸುಳಿ ಎದುರಿಗೆ ಓಡಿದವು. ಒಂದೊಂದೂ ತನ್ನ ತಾಯಿಯನ್ನು ಹುಡುಕಿ ಕೆಚ್ಚಲಿಗೆ ಗುದ್ದಿತು. ಬಂಡಪಲ್ಲಿಯ ಹೆಂಗಸರು ನಗುತ್ತಾ ನಿಂತರು.

ಮುಂದಿನ ತಿಂಗಳು ತೀರ್ಪು ನರಸಿಂಹರಾಜುವಿನ ಮೇಲೆ ಬಂತು. ಅವನೂ ಕಂಬಳಿ ಮುಟ್ಟಿ ಮಂದೆ ತಿರುಗಿಸಿಕೊಂಡು ಹೋದ. ಆ ಬೇಸಿಗೆ ಒಂದು ತಲೆಯೂ ಒಡೆಯಲಿಲ್ಲ.

ದೇಶದೇಶಗಳು ಹಿಂಗೆ ಒಪ್ತಾವಾ ಮಾವ ಎಂದು ನಟರಾಜು ಕೇಳಿದಾಗ ಯತ್ತಪ್ಪ ಕಂಬಳಿ ಕೊಡವಿ ಮಡಚುತ್ತಿದ್ದ.

“ಈ ಕೆಂಪಯ್ಯನೇ ಒಪ್ಪವ್ನೆ ಕಣಯ್ಯ,” ಎಂದ. ಬಾಗಿಲಲ್ಲಿದ್ದ ಕೆಂಪಯ್ಯ ನಾಚಿಕೊಂಡು ನಕ್ಕು, ಕಂಬಳಿಯ ಇನ್ನೊಂದು ತುದಿ ಹಿಡಿದ.